ಮೂರು ಪಾನ್ ಎದುರು ಮೂರು ಪಾನ್: ನಡುವಿನದನ್ನು ಯಾವಾಗ ಕೊಡಬೇಕು?

ಪ್ರಶ್ನೆ: ಸರ್, ಮಗಳ ಜೊತೆ ಕೂತು ಚೆಸ್ ಕಲಿತವನು ನಾನು. ಎರಡು ವರ್ಷದಿಂದ ಆಡುತ್ತಿದ್ದೇನೆ. ಹೋದ ತಿಂಗಳು ನಮ್ಮ ಬಡಾವಣೆಯ ಟೂರ್ನಿಯಲ್ಲಿ ಎಂಟನೇ ಕ್ಲಾಸಿನ ಹುಡುಗನ ಎದುರು ಕೂತಿದ್ದೆ. ಕೊನೆಗೆ ರಾಜರು ಮತ್ತು ಮೂರು ಮೂರು ಪಾನ್ (ಕಾಲಾಳು) ಮಾತ್ರ ಉಳಿದವು. ನಾನು ಕಪ್ಪು: ರಾಜ ಜಿ5, ಪಾನ್‌ಗಳು ಎ7, ಬಿ7, ಸಿ7. ಅವನು ಬಿಳಿ: ರಾಜ ಜಿ2, ಪಾನ್‌ಗಳು ಎ5, ಬಿ5, ಸಿ5. ನನ್ನ ರಾಜ ಮುಂದಿದ್ದಾನೆ, ಗೆದ್ದೇ ಗೆಲ್ಲುತ್ತೇನೆ ಅಂದುಕೊಂಡು ರಾಜನನ್ನು ಜಿ4ಕ್ಕೆ ತಂದೆ. ಅವನು ಬಿ6 ಆಡಿ ಪಾನನ್ನು ಸುಮ್ನೆ ಕೊಟ್ಟುಬಿಟ್ಟ. ಐದನೇ ನಡೆಗೆಲ್ಲ ಅವನ ಪಾನ್ ಕೊನೆಯ ಸಾಲು ಮುಟ್ಟಿ ಕ್ವೀನ್ ಆಗಿತ್ತು. ಮುಂದಿನ ವಾರ ಗೆಳೆಯನ ಜೊತೆ ಆಡುವಾಗ ನನಗೂ ಅಂಥದ್ದೇ ಸಿಕ್ಕಿತು. ಈ ಸಲ ನಾನು ಬಿಳಿ: ರಾಜ ಜಿ1, ಪಾನ್‌ಗಳು ಎ4, ಬಿ4, ಸಿ4. ಅವನ ರಾಜ ಜಿ3, ಪಾನ್‌ಗಳು ಎ6, ಬಿ6, ಸಿ6. ಖುಷಿಯಿಂದ ಬಿ5 ಆಡಿದೆ. ನನ್ನ ಪಾನ್ ಕ್ವೀನ್ ಆಯಿತು, ಆದರೆ ಮರುನಡೆಯಲ್ಲೇ ನಾನು ಮೇಟ್! ಒಂದೇ ಉಪಾಯ ಅವನಿಗೆ ಗೆಲುವು, ನನಗೆ ಸೋಲು ಹೇಗಾಯಿತು? ಕಂಪ್ಯೂಟರಿನ ಚೆಸ್ ಎಂಜಿನ್ ಹಾಕಿದರೆ ಉತ್ತರ ಬರುತ್ತೆ, ಆದರೆ ಬೋರ್ಡ್ ಮುಂದೆ ಕೂತಾಗ ನನಗೆ ಇದು ಹೇಗೆ ಕಾಣಬೇಕು?

ಉತ್ತರ: ನಿಮ್ಮ ಎರಡೂ ಆಟಗಳನ್ನು ಬೋರ್ಡ್ ಮೇಲೆ ಜೋಡಿಸಿ ನೋಡಿದೆ. ಎರಡನ್ನೂ ಒಟ್ಟಿಗೆ ಕಳಿಸಿದ್ದು ಒಳ್ಳೆಯದಾಯಿತು. ಬರೀ ಮೊದಲನೆಯದನ್ನು ಕಳಿಸಿದ್ದರೆ ನಾನು ಒಂದು ಪಟ್ಟು ಹೇಳಿಕೊಟ್ಟು ಮುಗಿಸುತ್ತಿದ್ದೆ. ನೀವು ಅದನ್ನು ಬಾಯಿಪಾಠ ಮಾಡಿಕೊಂಡು ಇನ್ನೂ ನಾಲ್ಕು ಆಟ ಸೋಲುತ್ತಿದ್ದಿರಿ. ಎರಡನೆಯ ಆಟ ಇರುವುದರಿಂದ ಅಸಲು ವಿಷಯಕ್ಕೇ ಕೈ ಹಾಕಬಹುದು.

ಇದಕ್ಕೆ ಬ್ರೇಕ್‌ಥ್ರೂ ಅಂತಾರೆ. ಎದುರಾಳಿಯ ಪಾನ್‌ಗಳ ಗೋಡೆಯನ್ನು ಒಂದೆರಡು ಪಾನ್ ಬಲಿ ಕೊಟ್ಟು ಒಡೆಯುವುದು, ಉಳಿದ ಒಂದನ್ನು ಕ್ವೀನ್ ಮಾಡುವುದು. ಆನೆ, ಒಂಟೆ, ಕುದುರೆ ಯಾವುದಾದರೂ ಬೋರ್ಡ್ ಮೇಲಿದ್ದರೆ ಓಡುವ ಪಾನನ್ನು ಹಿಡಿಯಲು ಯಾರೋ ಒಬ್ಬರು ಇರುತ್ತಾರೆ. ರಾಜರು ಮತ್ತು ಪಾನ್ ಮಾತ್ರ ಉಳಿದಾಗ ಹಿಡಿಯುವವನು ರಾಜ ಒಬ್ಬನೇ. ಅವನದು ಒಂದು ಸಲಕ್ಕೆ ಒಂದು ಮನೆಯ ನಡಿಗೆ. ಅದಕ್ಕೇ ಪಾನ್ ಎಂಡ್‌ಗೇಮ್‌ನಲ್ಲಿ ಈ ಬಲಿ ಇಷ್ಟು ಜೋರಾಗಿ ಹೊಡೆಯುತ್ತದೆ.

ಮೊದಲು ಹುಡುಗ ಮಾಡಿದ್ದನ್ನು ನಿಧಾನವಾಗಿ ನೋಡೋಣ. ಬಿಳಿ ಎ5, ಬಿ5, ಸಿ5. ಕಪ್ಪು ಎ7, ಬಿ7, ಸಿ7. ಬಿಳಿ ಬಿ6 ಆಡುತ್ತದೆ. ನೀವು ಎ ಪಾನಿನಿಂದ ಹೊಡೆದರೆ ಅವನು ಸಿ6 ಆಡುತ್ತಾನೆ. ಈಗ ಬಿ7ರ ಪಾನ್‌ಗೆ ಸಿ6ರದನ್ನು ಹೊಡೆಯದೆ ಗತಿಯಿಲ್ಲ, ಬಿಟ್ಟರೆ ಅದು ಬಿ7ಅನ್ನೇ ಹೊಡೆದು ಮುಂದೆ ಹೋಗುತ್ತೆ. ಹೊಡೆದ ತಕ್ಷಣ ಎ6. ಎ ಫೈಲಿನಲ್ಲೂ (ಫೈಲ್ ಅಂದರೆ ಬೋರ್ಡಿನ ಉದ್ದ ಸಾಲು) ಬಿ ಫೈಲಿನಲ್ಲೂ ಅದನ್ನು ತಡೆಯುವ ಪಾನ್ ಇಲ್ಲ. ಇನ್ನೆರಡು ನಡೆಗೆ ಕ್ವೀನ್. ಸಿ ಪಾನಿನಿಂದ ಹೊಡೆದರೆ ಇದೇ ಕಥೆ ಕನ್ನಡಿಯಲ್ಲಿ: ಎ6, ಬಿ ಪಾನ್ ಎ6ರದನ್ನು ಹೊಡೆಯುತ್ತೆ, ಆಮೇಲೆ ಸಿ6. ಹೊಡೆಯದೇ ಬಿಟ್ಟರೆ ಅವನೇ ಎ7ರದನ್ನೋ ಸಿ7ರದನ್ನೋ ಹೊಡೆದು ಮುಂದೆ ಹೋಗುತ್ತಾನೆ.

ಇಲ್ಲಿ ಗಮನಿಸಬೇಕಾದದ್ದು ಬಿ7ರ ಪಾನನ್ನು. ಅದೊಂದೇ ಎರಡು ಬಾಗಿಲು ಕಾಯುತ್ತಿರುತ್ತದೆ, ಎ6 ಮತ್ತು ಸಿ6. ಮೊದಲ ಬಲಿ ಅಕ್ಕಪಕ್ಕದ ಪಾನ್‌ಗಳಲ್ಲಿ ಒಂದನ್ನು ಅದರ ಫೈಲಿನಿಂದ ಎಳೆದು ತರುತ್ತದೆ. ಎರಡನೆಯ ಬಲಿ ಕಾವಲುಗಾರನನ್ನೇ ಎಳೆಯುತ್ತದೆ. ಒಂದು ಕಡೆಗೆ ಹೋದರೆ ಇನ್ನೊಂದು ಕಡೆ ಬಾಗಿಲು ತೆರೆದೇ ಇರುತ್ತದೆ. ಇದು ಕಣ್ಣಿಗೆ ಬಿತ್ತು ಅಂದರೆ ನಡೆಗಳನ್ನು ನೆನಪಿಡುವ ಕೆಲಸವೇ ಇಲ್ಲ.

ಮಕ್ಕಳಿಗೆ ಹೇಳಿಕೊಡುವಾಗ ನಾನು ಎರಡೂ ರಾಜರನ್ನು ಎತ್ತಿ ಟೇಬಲ್ ಮೇಲೆ ಪಕ್ಕಕ್ಕೆ ಇಡುತ್ತೇನೆ. ಬೋರ್ಡ್ ಮೇಲೆ ಆರು ಪಾನ್, ಬಿಳಿಯ ನಡೆ. ಯಾವುದನ್ನು ಆಡ್ತೀರಿ ಅಂತ ಕೇಳುತ್ತೇನೆ. ಹೆಚ್ಚಿನ ಮಕ್ಕಳ ಕೈ ಎ ಪಾನ್ ಕಡೆಗೋ ಸಿ ಪಾನ್ ಕಡೆಗೋ ಹೋಗುತ್ತೆ. ಹೋದ ವರ್ಷ ಒಬ್ಬಳು ಪುಟ್ಟ ಹುಡುಗಿ ಬಿ ಪಾನ್ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. "ಇದು ಸತ್ತು ಹೋಗುತ್ತಲ್ವಾ ಸರ್?" ಅಂದಳು. ಹೌದು, ಸಾಯುತ್ತೆ, ಆಮೇಲೆ ಏನಾಗುತ್ತೆ ನೋಡು ಅಂದೆ. ಒಂದೂ ಕಾಯಿ ಮುಟ್ಟದೆ ಒಂದು ನಿಮಿಷ ಬೋರ್ಡನ್ನೇ ದಿಟ್ಟಿಸಿದಳು. ಆಮೇಲೆ ಬಿ6 ತಳ್ಳಿ ನನ್ನ ಮುಖ ನೋಡಿದಳು. ಆ ಒಂದು ನಿಮಿಷದ ನೋಟ ಬೇಕು, ಅಷ್ಟೇ. ಹೊಡೆತ ತಿಂದ ಪಾನ್ ಮೇಲೆಯೇ ನಮ್ಮ ಕಣ್ಣು ನಿಲ್ಲುತ್ತದೆ. ಅದನ್ನು ಹೊಡೆದ ಪಾನ್ ಯಾವ ಜಾಗ ಬಿಟ್ಟು ಬಂತು ಅಂತ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಈಗ ನಿಮ್ಮ ಸೋಲಿನ ನಡೆಗೆ ಬರೋಣ. ರಾಜನನ್ನು ಜಿ5ರಿಂದ ಜಿ4ಕ್ಕೆ ತಂದಿರಿ. ಆ ಜಾಗದಲ್ಲಿ ಬಿ6 ಆಡಬೇಕಿತ್ತು. ತಡೆಯುವ ನಡೆ ಅದೊಂದೇ. ಎ6 ಆಡಿದ್ದರೆ ಅವನು ಸಿ6 ಆಡುತ್ತಿದ್ದ: ನೀವು ಬಿ ಪಾನಿನಿಂದ ಹೊಡೆದರೆ ಅವನು ಎ6ರದನ್ನು ಹೊಡೆದು ಓಡುತ್ತಾನೆ, ಎ ಪಾನಿನಿಂದ ಬಿ5ರದನ್ನು ಹೊಡೆದರೆ ಅವನು ಬಿ7ರದನ್ನು ಹೊಡೆದು ಓಡುತ್ತಾನೆ. ಸಿ6 ಆಡಿದ್ದರೆ ಅವನದು ಎ6, ಅದೇ ಫಲ. ನಡುವಿನ ಪಾನ್ ತಾನೇ ಒಂದು ಹೆಜ್ಜೆ ಮುಂದೆ ಬಂದು ನಿಂತಾಗ ಮಾತ್ರ ಗೋಡೆ ಉಳಿಯುತ್ತದೆ.

ಆದರೆ ಬಿ6 ಆಡಿದ ಮೇಲೂ ಅಪಾಯ ಪೂರ್ತಿ ಹೋಗಿರುವುದಿಲ್ಲ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಕಾಲೇಜಿನ ದಿನಗಳಲ್ಲಿ ಒಂದು ಟೂರ್ನಿಯ ಕೊನೆಯ ಸುತ್ತಿನಲ್ಲಿ ಇದೇ ಪಾನ್‌ಗಳು, ನಾನು ಕಪ್ಪು. ಬಿ6 ಆಡಿ ನೆಮ್ಮದಿಯಾದೆ. ಎದುರಾಳಿ ಸಿ6 ತಳ್ಳಿದ. ನಾನು ಎ5ರ ಪಾನನ್ನು ಹೊಡೆದೆ, ಒಂದು ಪಾನ್ ಲಾಭ. ಅವನು ಸರಿಯಾಗಿ ಯೋಚಿಸಿ ಬಿ6 ಆಡಿದ. ಗಡಿಯಾರದಲ್ಲಿ ನನಗೆ ಸಮಯ ಬೇಕಾದಷ್ಟಿತ್ತು. ಆದರೂ ಯೋಚಿಸದೆ ಸಿ ಪಾನಿನಿಂದ ಹೊಡೆದೆ. ಅವನು ಸಿ7 ಆಡಿದ, ಆಟ ಮುಗಿಯಿತು. ಎ ಪಾನಿನಿಂದ ಹೊಡೆದಿದ್ದರೆ ನನ್ನ ಸಿ7 ಅವನ ಸಿ6ಅನ್ನು ತಡೆದು ನಿಂತೇ ಇರುತ್ತಿತ್ತು, ನನ್ನ ಕೈಯಲ್ಲಿ ಎರಡು ಪಾನ್ ಜಾಸ್ತಿ ಇರುತ್ತಿತ್ತು. ಅವತ್ತಿನಿಂದ ಒಂದು ಪ್ರಶ್ನೆ ಕೇಳಿಕೊಳ್ಳದೆ ಪಾನ್ ಎಂಡ್‌ಗೇಮ್‌ನಲ್ಲಿ ಏನನ್ನೂ ಹೊಡೆಯುವುದಿಲ್ಲ: ನಾನು ಈ ಪಾನಿನಿಂದ ಹೊಡೆದರೆ ಇದು ಯಾರಿಗೆ ದಾರಿ ಬಿಡುತ್ತೆ? ಬಿಳಿ ಸಿ6 ಬದಲು ಎ6 ತಳ್ಳಿದ್ದರೂ ಇದೇ ಲೆಕ್ಕ, ಆಗ ಕೊನೆಗೆ ಸಿ ಪಾನಿನಿಂದ ಹೊಡೆಯಬೇಕು, ಎ7 ಕದಲಬಾರದು.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಬೇಜಾರಾಗಬಹುದು, ಆದರೂ ಹೇಳಬೇಕು. ನಿಮ್ಮ ಅಂದಾಜು ತಪ್ಪಾಗಿರಲಿಲ್ಲ. ಬಿ6 ಆಡಿದ್ದರೆ ಆ ಆಟ ನಿಮ್ಮ ಕೈಯಲ್ಲೇ ಇತ್ತು. ಅವನು ಎಲ್ಲವನ್ನೂ ಹೊಡೆದು ಸರಳ ಮಾಡಿಕೊಂಡ ಅಂತಿಟ್ಟುಕೊಳ್ಳಿ: ಎ ಪಾನ್ ಬಿ6ರದನ್ನು ಹೊಡೆಯಿತು, ನೀವು ಎ ಪಾನಿನಿಂದ ಹೊಡೆದಿರಿ. ಸಿ ಪಾನ್ ಹೊಡೆಯಿತು, ನೀವು ಸಿ ಪಾನಿನಿಂದ ಹೊಡೆದಿರಿ. ಉಳಿಯುವುದು ಅವನ ಬಿ5, ನಿಮ್ಮ ಬಿ6. ನಡೆ ಅವನದು, ಆದರೂ ಪ್ರಯೋಜನವಿಲ್ಲ. ಅವನ ರಾಜ ಎಫ್3, ಇ3, ಡಿ3, ಸಿ3 ಅಂತ ಬರುವಷ್ಟರಲ್ಲಿ ನಿಮ್ಮವನು ಎಫ್5, ಇ5, ಡಿ5, ಸಿ5 ತಲುಪಿರುತ್ತಾನೆ. ಬಿ5 ನಿಮ್ಮದಾಗುತ್ತದೆ, ನಿಮ್ಮ ರಾಜ ತನ್ನ ಪಾನಿನ ಮುಂದೆಯೇ ಇರುತ್ತಾನೆ, ಎದುರುಬದುರು ನಿಂತಾಗ ಜರುಗಬೇಕಾದವನು ಅವನು. ಗೆಲುವು ನಿಮಗೆ. ಅಂದರೆ ರಾಜ ಮುಂದಿದ್ದಾನೆ ಅನ್ನುವ ನಿಮ್ಮ ಯೋಚನೆ ಸರಿಯಾಗಿಯೇ ಇತ್ತು. ಆದರೆ ಅದನ್ನು ಬಳಸುವ ಮೊದಲು ಪಾನ್‌ಗಳನ್ನು ಒಂದು ಸಲ ಕಣ್ಣಾಡಿಸಲಿಲ್ಲ.

ಇನ್ನು ನಿಮ್ಮ ಎರಡನೆಯ ಆಟ. ಇದು ನನಗೆ ಮೊದಲಿನದಕ್ಕಿಂತ ಇಷ್ಟವಾಯಿತು.

ಪಾನ್‌ಗಳ ಚಿತ್ರ ಅದೇ, ಆದರೆ ಎಲ್ಲವೂ ಒಂದೊಂದು ಸಾಲು ಕೆಳಗೆ. ನೀವು ಎ4, ಬಿ4, ಸಿ4. ಅವನು ಎ6, ಬಿ6, ಸಿ6. ನೀವು ಬಿ5, ಅವನು ಎ ಪಾನಿನಿಂದ ಹೊಡೆದ. ನೀವು ಸಿ5, ಅವನು ಬಿ ಪಾನಿನಿಂದ ಹೊಡೆದ. ನೀವು ಎ5. ಇಲ್ಲಿಯವರೆಗೆ ಎಲ್ಲವೂ ಹುಡುಗ ಮಾಡಿದಂತೆಯೇ. ಈಗ ಎಣಿಸಿ. ನಿಮ್ಮ ಪಾನ್ ಎ5ರಲ್ಲಿದೆ, ಕ್ವೀನ್ ಆಗಲು ಇನ್ನೂ ಮೂರು ನಡೆ. ನಿಮ್ಮ ಪಾನ್ ಹೊಡೆದ ಅವನ ಎ ಪಾನ್ ಬಿ5ರಲ್ಲಿ ಕೂತಿದೆ, ಅದರ ಮುಂದೆ ಒಂದು ಕಾಯಿಯೂ ಇಲ್ಲ. ಅದಕ್ಕೆ ನಾಲ್ಕು ನಡೆ. ನಡೆಯುವ ಸರದಿ ಅವನದು. ಬಿ4, ಎ6, ಬಿ3, ಎ7, ಬಿ2, ಎ8 ಕ್ವೀನ್, ಬಿ1 ಕ್ವೀನ್. ನೀವು ಮೊದಲು ಕ್ವೀನ್ ಮಾಡಿದಿರಿ, ನಿಜ. ಆದರೆ ಅವನ ಕ್ವೀನ್ ಬಂದದ್ದು ಚೆಕ್ ಕೊಟ್ಟುಕೊಂಡು, ಮೊದಲ ಸಾಲಿನಲ್ಲಿ. ನಿಮ್ಮ ರಾಜ ಜಿ1ರಲ್ಲಿ, ಮುಂದಿನ ಮೂರೂ ಮನೆಗಳನ್ನು ಜಿ3ರ ರಾಜ ಹಿಡಿದಿದ್ದಾನೆ. ನಿಮ್ಮ ಹೊಸ ಕ್ವೀನ್ ಎ8ರಲ್ಲಿ, ಕರ್ಣದ ದಾರಿಯಲ್ಲಿ ಅವನ ಸಿ6 ಪಾನ್ ಅಡ್ಡ. ಅಡ್ಡ ಬರಲೂ ಆಗದು, ಹೊಡೆಯಲೂ ಆಗದು. ಮೇಟ್.

ಹುಡುಗನ ಆಟದಲ್ಲಿ ಈ ಎಣಿಕೆ ಹೇಗಿತ್ತು? ಅವನ ಎ6ಕ್ಕೆ ಎರಡು ನಡೆ. ನಿಮ್ಮ ಪಾನ್‌ಗಳಲ್ಲಿ ಎಲ್ಲಕ್ಕಿಂತ ಮುಂದಿದ್ದ ಬಿ6ಕ್ಕೆ ಐದು ನಡೆ. ಎರಡಕ್ಕೆ ಐದು. ನಿಮ್ಮದರಲ್ಲಿ ಮೂರಕ್ಕೆ ನಾಲ್ಕು. ಇನ್ನೂ ಒಂದು ಸಾಲು ಕೆಳಗಿಳಿಸಿ, ಬಿಳಿ ಎ3, ಬಿ3, ಸಿ3, ಕಪ್ಪು ಎ5, ಬಿ5, ಸಿ5 ಇಟ್ಟರೆ ನಾಲ್ಕಕ್ಕೆ ಮೂರು. ಅಲ್ಲಿ ಬಿ4 ಆಡಿದರೆ ಎದುರಾಳಿಯೇ ಮೊದಲು ಕ್ವೀನ್ ಮಾಡುತ್ತಾನೆ. ನೋಡಿ, ಒಂದೊಂದು ಸಾಲು ಇಳಿದಾಗಲೂ ನಿಮ್ಮದು ಒಂದು ಹೆಚ್ಚುತ್ತದೆ, ಅವನದು ಒಂದು ಕಡಿಮೆಯಾಗುತ್ತದೆ. ಬ್ರೇಕ್‌ಥ್ರೂ ಮಾಡುವವನು ತನಗೆ ಮಾತ್ರ ಓಡುವ ಪಾನ್ ಸಿಗುತ್ತದೆ ಅಂದುಕೊಂಡಿರುತ್ತಾನೆ. ಬಲಿ ಕೊಟ್ಟಾಗಲೆಲ್ಲ ಎದುರಾಳಿಗೂ ಒಂದು ಸಿಗುತ್ತದೆ. ಎರಡೂ ಓಟಗಳನ್ನು ಎಣಿಸದೆ ಮೊದಲ ಪಾನ್ ಮುಟ್ಟಬಾರದು.

ಅಲ್ಲಿ ನಿಮ್ಮ ರಾಜ ಜಿ1ರ ಬದಲು ಡಿ2ರಲ್ಲಿ ಇದ್ದಿದ್ದರೆ? ಅದೇ ಬಿ5, ಅದೇ ಬಲಿಗಳು, ಅದೇ ಓಟ. ಅವನು ಬಿ2 ತಲುಪಿದಾಗ ನೀವು ಎ8 ಆಡುವ ಅವಸರವೇ ಬೇಡ. ರಾಜ ಸಿ2ಕ್ಕೆ. ಅವನು ಬಿ1ರಲ್ಲಿ ಕ್ವೀನ್ ಮಾಡಿದರೆ ರಾಜ ಹೊಡೆಯುತ್ತಾನೆ, ನಿಮ್ಮ ಎ7 ಪಾನ್ ಮರುನಡೆಯಲ್ಲಿ ಕ್ವೀನ್. ಗೆಲುವು. ಪಾನ್ ಒಂದೂ ಬದಲಾಗಿಲ್ಲ, ರಾಜ ಮೂರು ಫೈಲ್ ಆಚೆ ಇದ್ದ, ಅಷ್ಟೇ. ಬ್ರೇಕ್‌ಥ್ರೂ ಪಾನ್‌ಗಳ ಕೆಲಸವೇ, ಆದರೆ ಅದರ ಆಮೇಲಿನ ಲೆಕ್ಕ ತೀರಿಸುವವರು ಇಬ್ಬರು ರಾಜರು.

ಎದುರಾಳಿಯ ರಾಜನ ಲೆಕ್ಕಕ್ಕೆ ಚೌಕದ ನಿಯಮ ಸಾಕು. ನಿಮ್ಮ ಮಗಳಿಗೆ ಕ್ಲಾಸಿನಲ್ಲಿ ಹೇಳಿಕೊಟ್ಟಿರುತ್ತಾರೆ. ಓಡುವ ಪಾನ್ ಇರುವ ಮನೆಯಿಂದ ಕೊನೆಯ ಸಾಲಿನವರೆಗೆ ಒಂದು ಗೆರೆ, ಅಷ್ಟೇ ಅಗಲದ ಒಂದು ಚೌಕ. ರಾಜ ತನ್ನ ಸರದಿಯಲ್ಲಿ ಆ ಚೌಕದೊಳಗೆ ಕಾಲಿಡಬಹುದಾದರೆ ಪಾನ್ ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಬ್ರೇಕ್‌ಥ್ರೂನಲ್ಲಿ ಇದಕ್ಕೆ ಒಂದು ಗಂಟು ಸೇರಿಕೊಳ್ಳುತ್ತದೆ. ಯಾವ ಪಾನಿನಿಂದ ಹೊಡೆಯಬೇಕು ಅನ್ನುವುದು ಎದುರಾಳಿಯ ಇಷ್ಟ. ಹಾಗಾಗಿ ಯಾವ ಪಾನ್ ಓಡುತ್ತದೆ ಅನ್ನುವುದನ್ನು ಆರಿಸುವವನು ಅವನು, ನೀವಲ್ಲ. ಎ ಪಾನ್ ಓಡುವಾಗ ದೂರವಾಗುವ ರಾಜ ಸಿ ಪಾನ್ ಓಡಿದರೆ ಹತ್ತಿರವಾಗಬಹುದು.

ಹುಡುಗನ ಸ್ಥಿತಿಯನ್ನೇ ಇಟ್ಟು ಕಪ್ಪು ರಾಜನನ್ನು ಮಾತ್ರ ಎಫ್8ರಲ್ಲಿ ಇಡಿ. ಬಿಳಿ ಬಿ6 ಆಡಲಿ. ಕಪ್ಪು ಎ ಪಾನಿನಿಂದ ಹೊಡೆದರೆ ಸೋಲು, ಎ6ರ ಪಾನ್ ದೂರ. ಸಿ ಪಾನಿನಿಂದ ಹೊಡೆದರೆ? ಎ6, ಬಿ ಪಾನ್ ಹೊಡೆಯಿತು, ಸಿ6. ಈಗ ರಾಜ ಇ8, ಬಿಳಿ ಸಿ7, ರಾಜ ಡಿ7. ಪಾನ್ ಸಿಕ್ಕಿತು, ಬಿಳಿಯ ಬಳಿ ಇನ್ನು ಏನೂ ಇಲ್ಲ. ಅದೇ ರಾಜ ಜಿ8ರಲ್ಲಿ ಇದ್ದಿದ್ದರೆ ಒಂದು ನಡೆ ತಡವಾಗುತ್ತಿತ್ತು, ಬಿ6 ಗೆಲ್ಲುತ್ತಿತ್ತು. ಎಫ್8, ಜಿ8: ಪಕ್ಕಪಕ್ಕದ ಮನೆಗಳು. ಇದಕ್ಕೇ ನಾನು ವಿದ್ಯಾರ್ಥಿಗಳಿಗೆ ಎರಡೂ ಕಡೆ ಬೆರಳಿಟ್ಟು ಎಣಿಸಿ ಅನ್ನುವುದು. ಒಂದು ಕಡೆ ಗೆಲುವು ಕಂಡ ಕೂಡಲೇ ಕೈ ಮುಂದೆ ಹೋಗುತ್ತದೆ. ಇನ್ನೊಂದು ಕಡೆ ನೋಡುವ ತನಕ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರೂ ಪರವಾಗಿಲ್ಲ.

ಈ ಲೆಕ್ಕ ದೊಡ್ಡವರ ಆಟದಲ್ಲಿ ಹೇಗೆ ಬರುತ್ತದೆ ಅನ್ನುವುದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟದ ಉದಾಹರಣೆ 1914ರದು. ಸೇಂಟ್ ಪೀಟರ್ಸ್‌ಬರ್ಗ್ ಟೂರ್ನಿ. ಬಿಳಿ ಎಮಾನುಯೆಲ್ ಲಾಸ್ಕರ್, ಆಗಿನ ವಿಶ್ವ ಚಾಂಪಿಯನ್. ಕಪ್ಪು ಸೀಗ್‌ಬರ್ಟ್ ಟಾರಾಶ್, 1908ರಲ್ಲಿ ಚಾಂಪಿಯನ್ ಪಟ್ಟಕ್ಕಾಗಿ ಲಾಸ್ಕರ್ ಜೊತೆ ಆಡಿ ಸೋತವರು. ಸ್ಥಿತಿ ಹೀಗಿತ್ತು, ದಯವಿಟ್ಟು ಬೋರ್ಡ್ ಮೇಲೆ ಇಡಿ. ಲಾಸ್ಕರ್: ರಾಜ ಜಿ7, ಪಾನ್‌ಗಳು ಎಚ್4, ಬಿ3, ಬಿ2. ಬಿ ಫೈಲಿನಲ್ಲಿ ಎರಡು ಪಾನ್ ಒಂದರ ಹಿಂದೆ ಒಂದು. ಟಾರಾಶ್: ರಾಜ ಜಿ4, ಪಾನ್‌ಗಳು ಎ5, ಬಿ5, ಸಿ5. ನಡೆ ಲಾಸ್ಕರ್ ಅವರದು. ಎಚ್4 ಪಾನ್ ಹೋಗುವುದು ಖಚಿತ, ಟಾರಾಶ್ ರಾಜ ಪಕ್ಕದಲ್ಲೇ ಇದ್ದಾನೆ. ಕಪ್ಪಿನ ಮೂರು ಪಾನ್ ಮುಂದೆ ನುಗ್ಗಲು ಕಾದು ನಿಂತಿವೆ, ಬಿಳಿ ರಾಜ ಬೋರ್ಡಿನ ಇನ್ನೊಂದು ಮೂಲೆಯಲ್ಲಿ.

ಯಾರಾದರೂ ಏನು ಮಾಡುತ್ತಾರೆ? ಎಚ್ ಪಾನ್ ಬಿಟ್ಟು ರಾಜನನ್ನು ನೇರ ಆ ಮೂರು ಪಾನ್‌ಗಳ ಕಡೆ ಓಡಿಸುತ್ತಾರೆ. ಎಫ್6, ಇ5, ಡಿ4. ದಾರಿ ನೇರವಾಗಿದೆ. ಆದರೆ ಅಲ್ಲಿ ಬ್ರೇಕ್‌ಥ್ರೂ ಕಾದಿದೆ. ರಾಜ ಎಫ್6ಕ್ಕೆ ಬಂದರೆ ಕಪ್ಪು ಸಿ4. ಬಿಳಿ ಬಿ ಪಾನಿನಿಂದ ಹೊಡೆಯುತ್ತದೆ, ಕಪ್ಪು ಬಿ ಪಾನಿನಿಂದ ಹೊಡೆಯುತ್ತದೆ. ರಾಜ ಇ5. ಈಗ ಕಪ್ಪು ಸಿ3! ಬಿಳಿ ಬಿ2ರ ಪಾನಿನಿಂದ ಹೊಡೆಯಲೇಬೇಕು. ಆಮೇಲೆ ಎ4. ರಾಜ ಡಿ4ಕ್ಕೆ ಬರುತ್ತಾನೆ. ಚೌಕದ ಒಳಗೇ ಇದ್ದಾನೆ! ನಿಯಮದ ಪ್ರಕಾರ ಪಾನ್ ಸಿಗಬೇಕು. ಎ3. ಈಗ ರಾಜ ಸಿ3ಕ್ಕೆ ಹೋಗಿ, ಅಲ್ಲಿಂದ ಬಿ2ಕ್ಕೆ ಹೋಗಬೇಕು. ಆದರೆ ಸಿ3ರಲ್ಲಿ ತನ್ನದೇ ಪಾನ್ ಕೂತಿದೆ. ಈಗಷ್ಟೇ ಹೊಡೆದು ತಾನೇ ತಂದು ಕೂರಿಸಿದ ಪಾನ್. ಸುತ್ತು ಹಾಕಿ ಡಿ3, ಸಿ2 ಅಂತ ಹೋಗುವಷ್ಟರಲ್ಲಿ ಎ1ರಲ್ಲಿ ಕ್ವೀನ್.

ನನಗೆ ಇದು ಎರಡು ಪಾನ್ ಕೊಟ್ಟು ಒಡೆಯುವುದಕ್ಕಿಂತ ಆಳವಾಗಿ ಕಾಣುತ್ತದೆ. ನೀವು ನೋಡಿದ ಬ್ರೇಕ್‌ಥ್ರೂ ಎದುರಾಳಿಯ ಪಾನನ್ನು ಎಳೆದು ತನ್ನ ಪಾನಿಗೆ ದಾರಿ ಮಾಡುತ್ತದೆ. ಇಲ್ಲಿ ಸಿ3ರ ಬಲಿ ಎದುರಾಳಿಯ ಪಾನನ್ನು ಎಳೆದು ಎದುರಾಳಿಯ ರಾಜನ ದಾರಿಗೇ ಅಡ್ಡ ಹಾಕುತ್ತದೆ. ಚೌಕದ ನಿಯಮ ಪೂರ್ತಿ ನಂಬಿ ಕೂತವರು ಇಲ್ಲಿ ಸೋಲುತ್ತಾರೆ, ಯಾಕೆಂದರೆ ಆ ನಿಯಮ ಖಾಲಿ ಬೋರ್ಡಿಗೆ ಮಾಡಿದ್ದು. ದಾರಿಯಲ್ಲಿ ನಿಮ್ಮದೇ ಕಾಯಿ ಇದೆಯಾ ಅಂತ ಅದು ಕೇಳುವುದಿಲ್ಲ.

ಲಾಸ್ಕರ್ ಇದನ್ನೆಲ್ಲ ಮೊದಲೇ ನೋಡಿದ್ದರು. ಅವರು ರಾಜನನ್ನು ಎಫ್6ಕ್ಕೆ ತರಲಿಲ್ಲ, ಜಿ6ಕ್ಕೆ ತಂದರು. ಮೇಲ್ನೋಟಕ್ಕೆ ಇದು ದಾರಿ ತಪ್ಪಿದ ಹಾಗೆ. ಆದರೆ ಈಗ ಎಚ್5 ಆಡಿ ಆ ಪಾನನ್ನು ಕ್ವೀನ್ ಮಾಡುವ ಬೆದರಿಕೆ ಇದೆ, ರಾಜ ಅದಕ್ಕೆ ಕಾವಲು. ಟಾರಾಶ್ ಎಚ್4ರ ಪಾನನ್ನು ಹೊಡೆಯಲೇಬೇಕಾಯಿತು. ಆಗ ಲಾಸ್ಕರ್ ಎಫ್5, ಮುಂದೆ ಇ4. ಎಣಿಸಿ ನೋಡಿ. ಜಿ7ರಿಂದ ಎಫ್6, ಇ5, ಡಿ4 ಮೂರು ನಡೆ. ಜಿ6, ಎಫ್5, ಇ4 ಕೂಡ ಮೂರೇ ನಡೆ. ಡಿ4 ಮತ್ತು ಇ4 ಅಕ್ಕಪಕ್ಕದ ಮನೆ. ಅದರ ನಡುವೆ ಕಪ್ಪು ರಾಜ ಒಂದು ನಡೆ ಎಚ್4ರಲ್ಲಿ ಖರ್ಚು ಮಾಡಿದ. ಈಗ ಕಪ್ಪು ಸಿ4 ಶುರು ಮಾಡಿದರೆ ಬಿಳಿ ರಾಜ ಡಿ3, ಸಿ2 ದಾರಿಯಲ್ಲಿ ಸಮಯಕ್ಕೆ ಸರಿಯಾಗಿ ತಲುಪುತ್ತಾನೆ, ಸಿ3 ಕಡೆ ಹೋಗುವ ಅಗತ್ಯವೇ ಇಲ್ಲ. ಟಾರಾಶ್ ಬ್ರೇಕ್‌ಥ್ರೂ ಬಿಟ್ಟು ತಮ್ಮ ರಾಜನನ್ನು ಜಿ3, ಎಫ್2, ಇ3 ಅಂತ ವಾಪಸ್ ಕರೆತಂದರು. ಲಾಸ್ಕರ್ ಡಿ5ಕ್ಕೆ ಹೋಗಿ ಸಿ5, ಬಿ5, ಎ5 ಮೂರನ್ನೂ ಒಂದೊಂದಾಗಿ ತಿಂದರು. ಟಾರಾಶ್ ಡಿ3, ಸಿ2, ಆಮೇಲೆ ಬಿ3ರ ಪಾನ್ ತಿಂದರು. ಉಳಿದ ಬಿ2 ಕೂಡ ಹೋಗುವುದೇ. ಡ್ರಾ. ಆ ಟೂರ್ನಿಯನ್ನು ಲಾಸ್ಕರ್ ಕಾಪಾಬ್ಲಾಂಕಾಗಿಂತ ಅರ್ಧ ಪಾಯಿಂಟ್ ಮುಂದಿದ್ದು ಗೆದ್ದರು ಅನ್ನುವುದನ್ನು ನೆನೆದಾಗ ಈ ಅರ್ಧ ಪಾಯಿಂಟಿನ ಬೆಲೆ ಗೊತ್ತಾಗುತ್ತದೆ.

ಕರ್ಣದಲ್ಲಿ ನಡೆಯುತ್ತಾ ಒಂದೇ ನಡೆಯಲ್ಲಿ ಎರಡು ಕೆಲಸ ಮಾಡುವ ಇದೇ ವಿಚಾರವನ್ನು ರಿಚರ್ಡ್ ರೇಟಿ 1921ರಲ್ಲಿ ನಾಲ್ಕೇ ಕಾಯಿಗಳ ಒಂದು ಸಮಸ್ಯೆಯಾಗಿ ಕಟ್ಟಿದರು: ಬಿಳಿ ರಾಜ ಎಚ್8, ಪಾನ್ ಸಿ6, ಕಪ್ಪು ರಾಜ ಎ6, ಪಾನ್ ಎಚ್5. ಬಿಳಿ ಆಡಿ ಡ್ರಾ ಮಾಡಬೇಕು. ಮೊದಲ ನಡೆ ರಾಜ ಜಿ7. ಉಳಿದದ್ದನ್ನು ನೀವೂ ಮಗಳೂ ಹುಡುಕಿ. ಒಂದು ಸಂಜೆ ಹೋದರೂ ನಷ್ಟವಿಲ್ಲ.

ನೀವು ಕೇಳಿದ ಕೊನೆಯ ಪ್ರಶ್ನೆ, ಬೋರ್ಡ್ ಮುಂದೆ ಇದು ಹೇಗೆ ಕಾಣಬೇಕು ಅನ್ನುವುದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬ್ರೇಕ್‌ಥ್ರೂ ಬಂದ ಹೊತ್ತಿಗೆ ಹುಡುಕಿದರೆ ತಡ. ನೋಡಬೇಕಾದ ಸಮಯ ಕೊನೆಯ ಆನೆಯನ್ನೋ ಕುದುರೆಯನ್ನೋ ಬದಲಾಯಿಸಿಕೊಳ್ಳುವ ಮೊದಲು. ಆ ಬದಲಾವಣೆ ಆದ ಮೇಲೆ ಹಿಂದಕ್ಕೆ ಹೋಗಲು ಆಗುವುದಿಲ್ಲ. ಆಗ ಎರಡು ನಿಮಿಷ ಕೊಡಿ. ಎದುರುಬದುರಾಗಿ ಗುಂಪುಗಟ್ಟಿ ನಿಂತ ಪಾನ್‌ಗಳಲ್ಲಿ ಯಾರದು ಜಾಸ್ತಿ ಮುಂದೆ ಬಂದಿದೆ, ಯಾರ ಮೂರು ಪಾನ್ ಇನ್ನೂ ಶುರುವಿನ ಮನೆಯಲ್ಲೇ ಇವೆ ಅಂತ ನೋಡಿ. ಈ ಎರಡನೆಯದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಲ ಸಿಗುತ್ತದೆ. ಯಾಕೆ ಗೊತ್ತಾ? ಕ್ಯಾಸಲಿಂಗ್ (ರಾಜನನ್ನು ಮೂಲೆಯ ಕಡೆ ಭದ್ರವಾಗಿ ಕೂರಿಸುವ ನಡೆ) ಮಾಡಿದ ಮೇಲೆ ರಾಜನ ಮುಂದಿನ ಎಫ್, ಜಿ, ಎಚ್ ಪಾನ್‌ಗಳನ್ನು ಕದಲಿಸಬೇಡಿ ಅಂತ ನಾವೇ ಹೇಳಿಕೊಡುತ್ತೇವೆ. ಮಧ್ಯದ ಆಟದಲ್ಲಿ ಅದು ಒಳ್ಳೆಯ ಮಾತು. ರಾಜ ಅಲ್ಲಿಂದ ಎದ್ದು ಹೋದ ಮೇಲೂ ಆ ಮೂರು ಪಾನ್ ಹಾಗೇ ಕೂತಿರುತ್ತವೆ. ಎದುರಾಳಿ ತನ್ನ ಮೂರನ್ನು ಮೆಲ್ಲಗೆ ತಂದು ಎದುರಿಗೆ ನಿಲ್ಲಿಸಿದರೆ ಸಾಕು, ನಿಮ್ಮ ಮೊದಲ ಆಟವೇ ಮತ್ತೆ ಬಂದ ಹಾಗೆ.

ಇದಕ್ಕಿಂತ ಚಿಕ್ಕದೊಂದು ಇದೆ, ಅದನ್ನೂ ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಬಿಳಿ ಜಿ6, ಎಚ್5; ಕಪ್ಪು ಜಿ7 ಮಾತ್ರ. ಕಪ್ಪು ರಾಜ ದೂರದಲ್ಲಿದ್ದರೆ ಎಚ್6! ಜಿ ಪಾನ್ ಹೊಡೆದರೆ ಜಿ7, ಮುಂದೆ ಕ್ವೀನ್. ಹೊಡೆಯದಿದ್ದರೆ ಬಿಳಿಯೇ ಜಿ7ರದನ್ನು ಹೊಡೆಯುತ್ತದೆ. ದೊಡ್ಡ ಬ್ರೇಕ್‌ಥ್ರೂಗಳು ಎಷ್ಟೋ ಸಲ ಕೊನೆಗೆ ಈ ಚಿತ್ರಕ್ಕೇ ಬಂದು ನಿಲ್ಲುತ್ತವೆ.

ಅಭ್ಯಾಸಕ್ಕೆ ಮಗಳನ್ನು ಕೂರಿಸಿಕೊಳ್ಳಿ. ರಾಜರಿಲ್ಲದೆ ಮೂರಕ್ಕೆ ಮೂರು ಪಾನ್ ಮೊದಲು, ಬಿಳಿ ಎ5, ಬಿ5, ಸಿ5, ಕಪ್ಪು ಎ7, ಬಿ7, ಸಿ7. ಒಮ್ಮೆ ಬಿಳಿಯ ನಡೆ, ಒಮ್ಮೆ ಕಪ್ಪಿನ ನಡೆ. ಅದು ಬೇಸರವಾಗುವಷ್ಟು ಸುಲಭವಾದ ಮೇಲೆ ರಾಜರನ್ನು ಇಡಿ, ಪ್ರತಿ ಸಲವೂ ಬೇರೆ ಬೇರೆ ಮನೆಯಲ್ಲಿ. ಬಿ6 ಕೆಲಸ ಮಾಡುತ್ತಾ ಇಲ್ಲವಾ ಅಂತ ಕಾಯಿ ಮುಟ್ಟದೆ ಬಾಯಲ್ಲೇ ಹೇಳಲಿ, ಆಮೇಲೆ ಆಡಿ ನೋಡಿ. ಬರೀ ಎ, ಬಿ, ಸಿ ಫೈಲುಗಳಲ್ಲೇ ಆಡಿದರೆ ಕಣ್ಣು ಆ ಕಡೆಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಬೋರ್ಡ್ ತಿರುಗಿಸಿ ಕಪ್ಪಿನ ಕಡೆಯಿಂದಲೂ ಇಡಿ: ಕಪ್ಪು ಎಫ್4, ಜಿ4, ಎಚ್4, ಬಿಳಿ ಎಫ್2, ಜಿ2, ಎಚ್2, ಕಪ್ಪಿನ ನಡೆ. ಇದು ಅದೇ ಸ್ಥಿತಿ ಅಂತ ಮಗಳು ತಾನಾಗಿ ಹೇಳುವವರೆಗೆ ನೀವು ಬಾಯಿ ಬಿಡಬೇಡಿ.